ಮಗನ ಮುಖ ಅಗಲವಾಗಿದ್ದು ಯಾವಾಗ?

ಮೊದಲು ಕೇಳಿಸಿಕೊಂಡಿದ್ದು ನಮ್ಮ ಅಮ್ಮ. ಹಗಲು ಎಷ್ಟು ಕೂಗಿದರೂ ಅವಳಿಗೆ ಕೇಳುವುದಿಲ್ಲ. ರಾತ್ರಿ ಎರಡು ಗಂಟೆಗೆ ಮೊಮ್ಮಗ ಹಲ್ಲು ಕಡಿದರೆ ಮಾತ್ರ ಥಟ್ಟನೆ ಎಚ್ಚರ. "ಹುಡುಗನ ಹೊಟ್ಟಿಯಾಗೆ ಹುಳ ಆಗ್ಯಾವೆ, ಔಷಧಿ ಕುಡಿಸು" ಅಂದಳು. ಶಾಲೆಯಲ್ಲಿ ಮಾತ್ರೆ ಕೊಟ್ಟಿದ್ದಾರಮ್ಮ ಅಂದೆ. "ಸರ್ಕಾರದ ಮಾತ್ರೆಗೆ ಹುಳ ಸಾಯ್ತಾವೇನು?" ಅಂತ ನನಗೇ ಕೇಳಿದಳು.

ಮರುದಿನ ರಾತ್ರಿ ನಾನೇ ಹೋಗಿ ಅವನ ಮಂಚದ ಪಕ್ಕ ಕೂತೆ. ಸುಮಾರು ಹೊತ್ತು ಏನೂ ಇಲ್ಲ. ಆಮೇಲೆ ಶುರುವಾಯಿತು, ಕರ್ರ್... ಕರ್ರ್... ಚಿತ್ರದುರ್ಗದ ಕೋಟೆಯಲ್ಲಿ ಗುಂಡಿಯೊಳಗೆ ಸಿಡಿಮದ್ದು ಬೀಸುವ ನಾಲ್ಕು ದೊಡ್ಡ ಕಲ್ಲುಗಳಿವೆಯಲ್ಲ, ಶಾಲೆಯ ಟ್ರಿಪ್ಪಿನಲ್ಲಿ ಅವನ್ನು ನೋಡಿದಾಗ ಇವು ತಿರುಗಿದರೆ ಎಂಥ ಸದ್ದು ಬರುತ್ತಿತ್ತೋ ಅಂದುಕೊಂಡಿದ್ದೆ. ಮೂವತ್ತು ವರ್ಷ ಆದಮೇಲೆ ಗೊತ್ತಾಯಿತು. ಹುಡುಗ ಮಾತ್ರ ಆರಾಮಾಗಿ ಮಲಗಿದ್ದ.

ನನ್ನದು ಮಂಡಿಪೇಟೆ ಹತ್ತಿರ ಸಣ್ಣ ಫೋಟೋ ಸ್ಟುಡಿಯೋ. ಮದುವೆ ಆರ್ಡರು ಈಗ ಕಮ್ಮಿ, ಪಾಸ್‌ಪೋರ್ಟ್ ಸೈಜೇ ಜಾಸ್ತಿ. ದಿನಾ ಮುಖ ನೋಡುವುದೇ ಕೆಲಸ. ಹಾಗಾಗಿ ಮುಖದ ವಿಷಯದಲ್ಲಿ ನನಗೆ ಸ್ವಲ್ಪ ಜಂಬ. ಕಂಪ್ಯೂಟರಿನಲ್ಲಿ ಮಗನ ಎಂಟನೇ ಕ್ಲಾಸಿನ ಫೋಟೋ ಹುಡುಕಿ, ಈ ವರ್ಷ ಎಸ್ಸೆಸ್ಸೆಲ್ಸಿಗೆ ತೆಗೆದದ್ದರ ಪಕ್ಕ ಇಟ್ಟೆ. ಎಂಟರಲ್ಲಿ ಸಣ್ಣ ಮುಖ, ಚೂಪು ಗದ್ದ. ಹತ್ತರಲ್ಲಿ ದವಡೆ ಎರಡೂ ಕಡೆ ಅಗಲ, ಕೆನ್ನೆ ಚಪ್ಪಟೆ. ಆಯ್ತಲ್ಲ! ರಾತ್ರಿಯೆಲ್ಲ ಹಲ್ಲು ಮಸೆದು ಮಸೆದು, ಜಿಮ್‌ಗೆ ಹೋದವನ ತೋಳಿನ ಹಾಗೆ ಇವನ ಕೆನ್ನೆಯ ಸ್ನಾಯು ಬೆಳೆದಿದೆ. ಹೆಂಡತಿ "ಹದಿನೈದು ವರ್ಷದ ಹುಡುಗ ಬೆಳೀತಾನಪ್ಪ" ಅಂದಳು. ನಾನು ಕೇಳಲಿಲ್ಲ.

ದಾವಣಗೆರೆಯಲ್ಲಿ ಎರಡು ಡೆಂಟಲ್ ಕಾಲೇಜಿವೆ. ಒಂದಕ್ಕೆ ಕರೆದುಕೊಂಡು ಹೋದೆ. ಫೋಟೋ ಎರಡೂ ಮೊಬೈಲಿನಲ್ಲಿ ರೆಡಿ. ಅಲ್ಲಿದ್ದ ಮೇಡಂ ಫೋಟೋ ಕಡೆ ನೋಡಲೇ ಇಲ್ಲ. ಮಗನ ಎರಡೂ ಕೆನ್ನೆ ಮೇಲೆ ಬೆರಳಿಟ್ಟು "ಹಲ್ಲು ಗಟ್ಟಿಯಾಗಿ ಕಚ್ಚು" ಅಂದರು. ಬೆರಳ ಕೆಳಗೆ ಉಬ್ಬುವುದೇ ಮ್ಯಾಸೆಟರ್ ಸ್ನಾಯುವಂತೆ. ಆಮೇಲೆ ಬಾಯಿ ತೆರೆಸಿ ನನ್ನನ್ನೂ ಬಗ್ಗಿಸಿ ತೋರಿಸಿದರು. ಕೋರೆಹಲ್ಲಿನ ತುದಿ ಚೂಪಾಗಿರಬೇಕಿತ್ತು, ಇವನದು ಅರದಿಂದ ತಿಕ್ಕಿದ ಹಾಗೆ ಸಪಾಟು. ಕೆನ್ನೆಯ ಒಳಗೆ ಹಲ್ಲಿನ ಸಾಲಿಗೆ ಸರಿಯಾಗಿ ಒಂದು ಬಿಳಿ ಗೆರೆ. ನಾಲಿಗೆಯ ಅಂಚಿನಲ್ಲಿ ಹಲ್ಲಿನ ಅಚ್ಚು. ಹದಿನೈದು ವರ್ಷದಿಂದ ಈ ಮುಖ ನೋಡುತ್ತಿದ್ದೇನೆ, ಬಾಯೊಳಗೆ ಒಮ್ಮೆಯೂ ನೋಡಿರಲಿಲ್ಲ.

ಇದಕ್ಕೆ ಬ್ರಕ್ಸಿಸಂ ಅನ್ನುತ್ತಾರೆ. ನಿದ್ದೆಯಲ್ಲಿ ಕಡಿಯುವುದು ಒಂದು, ಎಚ್ಚರವಿದ್ದಾಗಲೇ ಗೊತ್ತಿಲ್ಲದೆ ಕಚ್ಚಿಕೊಂಡಿರುವುದು ಇನ್ನೊಂದು. ನಮ್ಮವನಿಗೆ ಎರಡೂ ಇದೆ. ಗಣಿತ ಬಿಡಿಸುವಾಗ ನೋಡಬೇಕು, ದವಡೆ ಬಿಗಿದೇ ಇರುತ್ತದೆ. ಹುಳಕ್ಕೂ ಇದಕ್ಕೂ ನಂಟಿದೆ ಅನ್ನಲು ಗಟ್ಟಿ ಪುರಾವೆ ಇಲ್ಲವಂತೆ. ಇದನ್ನು ಅಮ್ಮನಿಗೆ ಹೇಳುವ ಧೈರ್ಯ ನನಗಿನ್ನೂ ಬಂದಿಲ್ಲ.

ಕೊನೆಗೆ ಮುಖದ ಮಾತು ತೆಗೆದೆ. ಮೇಡಂ ನಕ್ಕರು. ವರ್ಷಗಟ್ಟಲೆ ಜೋರಾಗಿ ಕಚ್ಚುವವರಲ್ಲಿ ಆ ಸ್ನಾಯು ದಪ್ಪಗಾಗಿ ಮುಖ ಚೌಕ ಕಾಣುವುದು ಉಂಟು. ಆದರೆ ಅಗಲ ಮುಖದವರಿಗೆ ಕಚ್ಚುವ ಬಲ ಮೊದಲೇ ಜಾಸ್ತಿ ಇರುತ್ತದೆ. ಹಲ್ಲು ಕಡಿಯುವುದು ಉದ್ದ ಮುಖದವರಲ್ಲೂ ಇದೆ. ಮುಖದ ಆಕಾರಕ್ಕೂ ಇದಕ್ಕೂ ಏನು ಸಂಬಂಧ ಅಂತ ಪರೀಕ್ಷೆ ಮಾಡಿದವರಲ್ಲಿ ಕೆಲವರಿಗೆ ನಂಟು ಕಂಡಿದೆ, ಕೆಲವರಿಗೆ ಕಂಡಿಲ್ಲ. ಅವರು ವಿಚಾರಿಸಿದ್ದೇ ಬೇರೆ: ಗೊರಕೆ ಹೊಡೆಯುತ್ತಾನಾ, ಬಾಯಿ ತೆರೆದು ಮಲಗುತ್ತಾನಾ? ಮೂಗು ಕಟ್ಟಿ ಚಿಕ್ಕಂದಿನಿಂದ ಬಾಯಲ್ಲೇ ಉಸಿರಾಡುವ ಮಕ್ಕಳ ಮುಖ ಉದ್ದಕ್ಕೆ ಬೆಳೆಯಬಹುದು, ಅಂಥವರು ರಾತ್ರಿ ಹಲ್ಲು ಕಡಿಯುವುದೂ ಉಂಟಂತೆ. ನಮ್ಮವನಿಗೆ ಅದೇನೂ ಇರಲಿಲ್ಲ.

ಮುಂದಿನ ಹಲ್ಲಿಗೆ ಕ್ಲಿಪ್ಪು ಹಾಕಿಸುವ ಮಾತು ಹೇಗೂ ಇತ್ತಲ್ಲ, ಪಕ್ಕದಿಂದ ಒಂದು ತಲೆ ಎಕ್ಸ್‌ರೇ ಬರೆದುಕೊಟ್ಟರು. ನನಗೆ ನಿಜವಾಗಿ ಖುಷಿ ಕೊಟ್ಟಿದ್ದು ಅದು. ಎರಡೂ ಕಿವಿಗೆ ಕಡ್ಡಿ ಕೊಟ್ಟು ತಲೆ ಅಲುಗಾಡದ ಹಾಗೆ ನಿಲ್ಲಿಸುತ್ತಾರೆ. ಎಕ್ಸ್‌ರೇ ಟ್ಯೂಬಿಗೂ ತಲೆಗೂ 5 ಅಡಿ, ಅದು ಬದಲಾಗುವಂತಿಲ್ಲ. ಯಾಕೆ ಅಂತ ಕೇಳಿದೆ. "ದೂರ ಬದಲಾದರೆ ಅಳತೆ ಬದಲಾಗುತ್ತೆ. ಎರಡು ವರ್ಷ ಬಿಟ್ಟು ತೆಗೆದದ್ದರ ಜೊತೆ ಹೋಲಿಸೋದು ಹೆಂಗೆ?" ಅಂದ ಅಲ್ಲಿದ್ದ ಹುಡುಗ.

ನನಗೆ ಅಲ್ಲೇ ಮುಖ ಬಿಸಿಯಾಯಿತು. ಎಂಟನೇ ಕ್ಲಾಸಿನ ಫೋಟೋ ತೆಗೆದದ್ದು ಹಳೇ ಅಂಗಡಿಯಲ್ಲಿ. ಹಿಂದೆ ಸರಿಯಲು ಜಾಗವೇ ಇರಲಿಲ್ಲ, ಕ್ಯಾಮೆರಾ ಜೊತೆ ಬಂದ ಲೆನ್ಸಿನಲ್ಲಿ ಮೂಗಿನ ಮುಂದೆ ನಿಂತು ತೆಗೆಯುತ್ತಿದ್ದೆ. ಹತ್ತಿರದಿಂದ ತೆಗೆದರೆ ಮೂಗು ಮುಂದೆ ಬರುತ್ತದೆ, ದವಡೆ, ಕಿವಿ ಹಿಂದಕ್ಕೆ ಹೋಗುತ್ತವೆ, ಮುಖ ಸಣ್ಣಗೆ ಕಾಣುತ್ತದೆ. ಹತ್ತನೇ ಕ್ಲಾಸಿನದು ಹೊಸ ಅಂಗಡಿಯಲ್ಲಿ 85 ಎಂಎಂ ಲೆನ್ಸಿನಲ್ಲಿ, ದೂರ ನಿಂತು ತೆಗೆದದ್ದು. ದೂರದಿಂದ ಮುಖ ಅಗಲ, ಚಪ್ಪಟೆ. ಗಿರಾಕಿಗಳಿಗೆ "ಸೆಲ್ಫಿ ನೋಡಿ ನಿಮ್ಮ ಮುಖ ಹಿಂಗೇ ಅನ್ಕೋಬೇಡಿ" ಅಂತ ದಿನಾ ಬುದ್ಧಿ ಹೇಳುವವನು ನಾನು! ಮಗ ಬೆಳೆದಿಲ್ಲ ಅಂತಲ್ಲ. ಆದರೆ ಆ ಅಗಲದಲ್ಲಿ ಎಷ್ಟು ಅವನದು, ಎಷ್ಟು ನನ್ನ ಲೆನ್ಸಿನದು?

ಚಿಕಿತ್ಸೆ ಅಂತ ದೊಡ್ಡದೇನಿಲ್ಲ. ದವಡೆ ಇನ್ನೂ ಬೆಳೆಯುತ್ತಿದೆ, ಹಲ್ಲು ಸವೆಯದ ಹಾಗೆ ರಾತ್ರಿ ಬಾಯಿಗೆ ಹಾಕುವ ಪ್ಲೇಟು ಸದ್ಯಕ್ಕೆ ಬೇಡ, ಆರು ತಿಂಗಳು ಬಿಟ್ಟು ಸವೆತ ನೋಡೋಣ ಅಂದರು. ರಾತ್ರಿ ಓದುವಾಗಿನ ಚಹಾ ಬಂದ್. ಹಲ್ಲಿಗೆ ಹಲ್ಲು ತಾಗಬೇಕಾದ್ದು ಅಗಿಯುವಾಗ, ನುಂಗುವಾಗ ಮಾತ್ರ, ಮಿಕ್ಕ ಹೊತ್ತು ತುಟಿ ಮುಚ್ಚಿರಲಿ, ಹಲ್ಲು ಬಿಟ್ಟಿರಲಿ ಅಂದರು. ಗಣಿತದ ನೋಟ್‌ಬುಕ್ಕಿನ ಪ್ರತಿ ಪುಟದ ಮೂಲೆಯಲ್ಲಿ ಮಗ ಒಂದು ಚುಕ್ಕಿ ಇಟ್ಟುಕೊಂಡಿದ್ದಾನೆ. ಅದು ಕಂಡಾಗಲೆಲ್ಲ ದವಡೆ ಸಡಿಲ ಬಿಡಬೇಕು.

ಸ್ಟುಡಿಯೋದಲ್ಲಿ ಇಷ್ಟು ವರ್ಷ ನನ್ನದು ಒಂದೇ ಡೈಲಾಗು, "ಬಾಯಿ ಮುಚ್ಚಿ, ಹಲ್ಲು ಬಿಡಬೇಡಿ." ಅಂದ ತಕ್ಷಣ ಅರ್ಧ ಜನ ಹಲ್ಲು ಗಟ್ಟಿ ಕಚ್ಚುತ್ತಾರೆ, ಕಿವಿಯ ಕೆಳಗೆ ಉಬ್ಬು ಏಳುತ್ತದೆ. ಈಗ ಕಣ್ಣು ಅಲ್ಲಿಗೇ ಹೋಗುತ್ತದೆ. ನೆಲದ ಮೇಲೆ ಬಣ್ಣದ ಟೇಪು ಅಂಟಿಸಿದ್ದೇನೆ, ಕುರ್ಚಿಗೊಂದು, ನನ್ನ ಕಾಲಿಗೊಂದು. ಮೊನ್ನೆ ಒಬ್ಬ ಯಜಮಾನರಿಗೆ "ತುಟಿ ಮುಚ್ಚಿ, ಒಳಗೆ ಹಲ್ಲು ಬಿಡಿ" ಅಂದೆ. "ಕಟ್ಟಿಸಿದ ಹಲ್ಲಪ್ಪ, ಬಿಟ್ರೆ ಬಿದ್ದೇ ಹೋಗ್ತಾವೆ" ಅಂದರು.