ಬಿಳಿಚಿಹೋದ ಲೇಬಲ್‌ಗಳು: ಎಂಬ್ರಾಯ್ಡರಿ ಮಣಿ ಡಬ್ಬಗಳಿಗೆ ಲೇಬಲ್ ಮಷಿನ್ ಆರಿಸುವಾಗ ಆದ ಎಡವಟ್ಟು

"ಅಣ್ಣಾ, ಇದು ಯಾವ್ ಲಾಟು?"

ಬೆಳಿಗ್ಗೆ ಒಂಬತ್ತೂವರೆ. ಹನ್ನೊಂದಕ್ಕೆ ಟ್ರಯಲ್‌ಗೆ ಹೋಗಬೇಕಾದ ಮದುವೆ ಬ್ಲೌಸು ಇನ್ನೂ ಫ್ರೇಮ್ ಮೇಲೇ ಇದೆ. ಎಡತೋಳು ಮುಗಿದಿದೆ, ಬಲತೋಳಿನಲ್ಲಿ ಮೂರು ಬುಟ್ಟಾ ಬಾಕಿ. ಹುಡುಗನ ಕೈಯಲ್ಲಿ ಎರಡು ಡಬ್ಬ. ಎರಡರಲ್ಲೂ 11/0 ಅಳತೆಯ ಗೋಲ್ಡ್ ಶುಗರ್ ಬೀಡ್ಸ್, ಅಂದರೆ ಬಂಗಾರ ಬಣ್ಣದ ಪುಟ್ಟ ಮಣಿ. ಎರಡರ ಮುಚ್ಚಳದ ಮೇಲೂ ಒಪ್ಪವಾಗಿ ಅಂಟಿಸಿದ ಲೇಬಲ್ ಇದೆ, ಅದರಲ್ಲಿ ಒಂದಕ್ಷರವೂ ಇಲ್ಲ.

ಟ್ಯೂಬ್‌ಲೈಟ್ ಕೆಳಗೆ ಎರಡೂ ಒಂದೇ ಬಂಗಾರ. ಕಿಟಕಿ ಹತ್ತಿರ ಹಿಡಿದರೆ ಒಂದು ಚೂರು ಕೆಂಪು ಹೊಡೆಯುತ್ತೆ, ಇನ್ನೊಂದು ಹಳದಿ. ಚಲನ್ ಫೈಲ್‌ನಲ್ಲಿ ಎರಡು ಲಾಟಿಗೂ, ಅಂದರೆ ಬೇರೆ ಬೇರೆಯಾಗಿ ಬಂದ ಎರಡು ಕಂತಿಗೂ, ಬರೆದಿರುವುದು "ಗೋಲ್ಡ್ 11" ಅಂತ ಮಾತ್ರ. ಕೊನೆಗೆ ಕೆಲಸಕ್ಕೆ ಬಂದಿದ್ದು ಹಳೇ ಉಪಾಯ. ಎಡತೋಳಿನ ಮಾರ್ಜಿನ್‌ನಲ್ಲಿ ಉಳಿದಿದ್ದ ಮಣಿ ಬಿಚ್ಚಿಕೊಂಡು ಬಿಳಿ ಬಟ್ಟೆಯ ಮೇಲೆ ಇಟ್ಟು, ಎರಡೂ ಡಬ್ಬದಿಂದ ಇಪ್ಪತ್ತಿಪ್ಪತ್ತು ಮಣಿ ಸೂಜಿಗೆ ಪೋಣಿಸಿ ಅಕ್ಕಪಕ್ಕ ಹಿಡಿಯುವುದು. 11/0 ಅಂದರೆ ಸುಮಾರು 2 ಮಿ.ಮೀ. ಅನ್ನುವುದು ಹೆಸರಿಗೆ ಅಷ್ಟೆ, ತಯಾರಕರು ಬೇರೆಯಾದರೆ ಅಳತೆಯೂ ಸ್ವಲ್ಪ ಬೇರೆ. ಒಂದು ಮಣಿಯಲ್ಲಿ ಕಾಣದ ವ್ಯತ್ಯಾಸ ಇಪ್ಪತ್ತರ ಸಾಲಿನಲ್ಲಿ ಕಂಡೇಬಿಡುತ್ತೆ. ಸರಿಯಾದ ಡಬ್ಬ ಸಿಕ್ಕಿತು. ಇಪ್ಪತ್ತೈದು ನಿಮಿಷ ಹೋಯಿತು. ಆ ಹೊತ್ತಿನಲ್ಲಿ ಕಾರಿಗರ್ ಸೂಜಿ ಕೆಳಗಿಟ್ಟು ಟೀ ಕುಡಿದ, ಮೇಡಂ ಎರಡು ಸಲ ಬಂದು ಏನೂ ಮಾತಾಡದೆ ನಿಂತು ಹೋದರು. ಬೈದಿದ್ದರೆ ವಾಸಿ ಇತ್ತು.

ಆ ಲೇಬಲ್ ಹೊಡೆದ ಮಷಿನ್ ಆರಿಸಿದ್ದು ನಾನೇ. ಮೊಬೈಲ್‌ಗೆ ಬ್ಲೂಟೂತ್‌ನಲ್ಲಿ ಕೂಡುವ ಅಂಗೈಯಗಲದ ಯಂತ್ರ. ಇಂಕ್ ಬೇಡ, ರಿಬ್ಬನ್ ಬೇಡ, ರೋಲ್ ಅಗ್ಗ. ಟೇಬಲ್ ಮೇಲಿಟ್ಟು ಹತ್ತು ನಿಮಿಷ ಪರೀಕ್ಷೆ ಮಾಡಿ ಭೇಷ್ ಅಂದದ್ದಾಯಿತು. ಎರಡು ದಿನದಲ್ಲಿ ಇನ್ನೂರಕ್ಕೂ ಹೆಚ್ಚು ಡಬ್ಬಕ್ಕೆ ಲೇಬಲ್ ಬಿತ್ತು, ರ‍್ಯಾಕಿನ ಫೋಟೊ ವಾಟ್ಸಾಪ್ ಗ್ರೂಪಿಗೆ ಹೋಯಿತು, ಹೆಬ್ಬೆರಳುಗಳು ಬಂದವು. ಅದೇ ಖುಷಿಯಲ್ಲಿ ಆಫೀಸಿನವರು ಆಫರ್ ಇದೆ ಅಂತ 30 ರೋಲ್ ಒಟ್ಟಿಗೆ ತರಿಸಿಟ್ಟರು. ಮೂರು ತಿಂಗಳಾದ ಮೇಲೆ ಲೇಬಲ್ ಹೇಗಿರುತ್ತೆ ಅಂತ ಯಾರೂ ಕೇಳಲಿಲ್ಲ. ಕೇಳಬೇಕಾದವನು ನಾನು.

ಇಂಕ್ ಬೇಡ ಅನ್ನುವುದೇ ಅದರ ದೋಷ. ಅದು ಡೈರೆಕ್ಟ್ ಥರ್ಮಲ್. ಕಾಗದಕ್ಕೆ ಬಳಿದ ರಾಸಾಯನಿಕ ಪದರವೇ ಬಿಸಿ ತಾಗಿದ ಕಡೆ ಕಪ್ಪಾಗುತ್ತೆ. ಅಂಗಡಿ ಬಿಲ್ಲು, ಕೊರಿಯರ್ ಚೀಟಿ, ಎಟಿಎಂ ರಸೀದಿ ಎಲ್ಲ ಇದೇ ಜಾತಿ. ಕಪ್ಪಾಗುವ ಗುಣ ಪ್ರಿಂಟ್ ಆದ ಮೇಲೂ ಕಾಗದದಲ್ಲೇ ಉಳಿದಿರುತ್ತೆ, ಬಂದ ಕಪ್ಪು ಅಳಿಯುವ ಗುಣವೂ ಇರುತ್ತೆ. ಇಸ್ತ್ರಿ ಟೇಬಲ್ ಪಕ್ಕದ ರ‍್ಯಾಕಿನ ಲೇಬಲ್‌ಗಳು ಸ್ಟೀಮ್ ಬಡಿದು ಬೂದಿ ಬಣ್ಣಕ್ಕೆ ತಿರುಗಿದ್ದವು. ಸ್ಯಾನಿಟೈಸರ್ ಕೈಯಲ್ಲಿ ಮುಟ್ಟಿದವು ಮಸಿ ಬಳಿದಂತೆ ಆಗಿದ್ದವು. ಮೆತ್ತನೆಯ ಪಿವಿಸಿ ಪೌಚ್ ಇರುತ್ತಲ್ಲ, ಬಿಚ್ಚಿದರೆ ಹೊಸ ಪ್ಲಾಸ್ಟಿಕ್ ವಾಸನೆ ಬರುವಂಥದ್ದು, ಅದರ ಮೇಲಿನವು ಪೂರ್ತಿ ಬೆಳ್ಳಗೆ. ಪಿವಿಸಿಯನ್ನು ಮೆತ್ತಗಾಗಿಸಲು ಸೇರಿಸುವ ಎಣ್ಣೆಯಂಥ ಪದಾರ್ಥ ಮೆಲ್ಲಗೆ ಹೊರಗೆ ಬಂದು ಥರ್ಮಲ್ ಅಕ್ಷರವನ್ನು ತಿನ್ನುತ್ತೆ. ನಮ್ಮ ಗೋಲ್ಡ್ ಡಬ್ಬ ಎರಡನ್ನೂ ಒಂದು ಪಿವಿಸಿ ಚೀಲಕ್ಕೆ ಹಾಕಿ ಡ್ರಾಯರ್‌ನಲ್ಲಿ ಇಟ್ಟಿದ್ದೆವು. ಇನ್ನೇನು ಬೇಕು!

ಹಾಗಾಗಿ ಈಗ ಯಾರು ಕೇಳಿದರೂ ಮೊದಲು ಟೇಪ್ ಆರಿಸಿ, ಆ ಟೇಪ್ ಹಿಡಿಸುವ ಮಷಿನ್ ಆಮೇಲೆ ಆರಿಸಿ ಅಂತಲೇ ಹೇಳುವುದು.

ವರ್ಷಗಟ್ಟಲೆ ಉಳಿಯಬೇಕಾದ ಲೇಬಲ್‌ಗೆ ಲ್ಯಾಮಿನೇಟೆಡ್ ಟೇಪ್ ಸರಿ. ಬ್ರದರ್ ಕಂಪನಿಯ ಲೇಬಲ್ ಮಷಿನ್ ಪಿ-ಟಚ್‌ನ ಟಿಜೆಡ್‌ಇ ಕ್ಯಾಸೆಟ್ ಈ ಬಗೆಯದು. ಅಕ್ಷರ ಮೇಲಿನ ಪಾರದರ್ಶಕ ಪದರದ ಒಳಮೈಗೆ ಬೀಳುತ್ತೆ, ಅದರ ಹಿಂದೆ ಅಂಟಿನ ಪದರ ಬಂದು ಕೂರುತ್ತೆ. ಅಂದರೆ ಬೆರಳು, ನೀರು, ಸ್ಪಿರಿಟ್ ಯಾವುದೂ ಶಾಯಿಯನ್ನು ಮುಟ್ಟುವುದೇ ಇಲ್ಲ. ಡೈಮೋ ಕಂಪನಿಯ ಡಿ1 ಟೇಪಿನಲ್ಲಿ ಅಕ್ಷರ ಮೇಲ್ಮೈಯಲ್ಲೇ ಬೀಳುತ್ತೆ. ಮನೆ ಬಳಕೆಗೆ ಸಾಕು, ದಿನಕ್ಕೆ ಇಪ್ಪತ್ತು ಸಲ ಕೈ ತಾಗುವ ಡಬ್ಬಕ್ಕೆ ನನ್ನ ಮತ ಲ್ಯಾಮಿನೇಟೆಡ್‌ಗೇ. ಪ್ಲಾಸ್ಟಿಕ್ ಪಟ್ಟಿಯನ್ನು ಒತ್ತಿ ಬಿಳಿ ಅಕ್ಷರ ಎಬ್ಬಿಸುವ ಹಳೇ ಎಂಬಾಸಿಂಗ್ ಗನ್ ನೋಡಲು ಚೆಂದ, ಬ್ಯಾಟರಿಯೂ ಬೇಡ. ಆದರೆ ಆ ಪಟ್ಟಿ ಬಿರುಸು, ದುಂಡಗಿನ ಡಬ್ಬಕ್ಕೆ ಹಾಕಿದರೆ ತುದಿ ಎದ್ದುಬಿಡುತ್ತೆ. ಕನ್ನಡವಂತೂ ಅದರಲ್ಲಿ ಬರುವುದಿಲ್ಲ.

ಕ್ಯಾಸೆಟ್ ಲೆಕ್ಕ ಹಾಕದೆ ತಗೊಳ್ಳಬೇಡಿ. ಸಾಮಾನ್ಯ ಟಿಜೆಡ್‌ಇ ಕ್ಯಾಸೆಟ್‌ನಲ್ಲಿ 8 ಮೀಟರ್ ಇರುತ್ತೆ. ಪ್ರಿಂಟ್ ತಲೆಗೂ ಕತ್ತರಿಗೂ ನಡುವೆ ಅಂತರ ಇರುವುದರಿಂದ ಪ್ರತಿ ಸಲ ಶುರುವಿಗೆ ಸುಮಾರು 25 ಮಿ.ಮೀ. ಖಾಲಿ ಟೇಪ್ ಹೊರಗೆ ಬರುತ್ತೆ. 35 ಮಿ.ಮೀ. ಉದ್ದದ ಲೇಬಲ್ಲನ್ನು ಒಂದೊಂದಾಗಿ ತೆಗೆದರೆ ಒಂದಕ್ಕೆ 60 ಮಿ.ಮೀ. ಖರ್ಚು, ಕ್ಯಾಸೆಟ್‌ಗೆ 133 ಲೇಬಲ್. ಅದನ್ನೇ ಚೈನ್ ಪ್ರಿಂಟ್ ಹಾಕಿ, ನಡುವೆ 4 ಮಿ.ಮೀ. ಬಿಟ್ಟು ಸಾಲಾಗಿ ತೆಗೆದರೆ 200 ದಾಟುತ್ತೆ. ಟೇಪ್ ದುಬಾರಿ ಅಂತ ಗೊಣಗುವ ಆಫೀಸಿನವರೇ ಒಂದು ಲೇಬಲ್ ಬೇಕಾದಾಗ ಒಂದೇ ತೆಗೆಯುತ್ತಾರೆ. ಹತ್ತು ಸೇರುವವರೆಗೆ ಪಟ್ಟಿ ಬರೆದಿಟ್ಟುಕೊಳ್ಳಿ, ಅಲ್ಲಿಯವರೆಗೆ ಪೇಪರ್ ಟೇಪ್ ಮೇಲೆ ಪೆನ್ನಲ್ಲಿ ಗೀಚಿದರೆ ಏನೂ ನಷ್ಟವಿಲ್ಲ. ಟೇಪ್ ಇನ್ನೂ ಓಡುತ್ತಿರುವಾಗ ಕತ್ತರಿ ಲಿವರ್ ಒತ್ತಬಾರದು. ಒತ್ತಿದರೆ ಟೇಪ್ ಒಳಗೇ ಸುತ್ತಿಕೊಂಡು ಕ್ಯಾಸೆಟ್ ಹಾಳು.

ಇನ್ನು ಅಗಲ. ಪಿಟಿ-ಡಿ210 ಥರದ ಕೈಮಷಿನ್ 12 ಮಿ.ಮೀ. ವರೆಗೆ ಹಿಡಿಸುತ್ತೆ. ಅದರಲ್ಲಿ ಅಕ್ಷರಕ್ಕೆ ಸಿಗುವ ಎತ್ತರ ಸುಮಾರು 9 ಮಿ.ಮೀ. ಮಾತ್ರ. ಇಂಗ್ಲಿಷಿಗೆ ಧಾರಾಳ, ಕನ್ನಡಕ್ಕೆ ಇಕ್ಕಟ್ಟು. ನಮಗೆ ಮೇಲೆ ಗುಡಿಸು ಬೇಕು, ಕೆಳಗೆ ಒತ್ತಕ್ಷರಕ್ಕೆ ಜಾಗ ಬೇಕು. 180 ಡಿಪಿಐಯಲ್ಲಿ, ಅಂದರೆ ಇಂಚಿಗೆ 180 ಚುಕ್ಕಿ ಲೆಕ್ಕದಲ್ಲಿ, 9 ಮಿ.ಮೀ. ಅಂದರೆ 64 ಚುಕ್ಕಿ, ಎರಡು ಸಾಲು ಹಾಕಿದರೆ ಸಾಲಿಗೆ 32. ಅಷ್ಟರಲ್ಲಿ "ಕ್ರಿಸ್ಟಲ್" ಅಂತ ಬರೆದು ನೋಡಿ, ಟ ಒತ್ತು ಮಸಿ ತುಂಬಿದ ಚುಕ್ಕಿಯಾಗಿ ನಿಲ್ಲುತ್ತೆ. ಕನ್ನಡದಲ್ಲಿ ಎರಡು ಸಾಲು ಬೇಕಿದ್ದರೆ 24 ಮಿ.ಮೀ. ಹಿಡಿಸುವ ಮಷಿನ್ನೇ ಬೇಕು. ಪಿ-ಟಚ್ ಕ್ಯೂಬ್ ಪ್ಲಸ್, ಅಂದರೆ ಪಿಟಿ-ಪಿ710ಬಿಟಿ, 24 ತೆಗೆದುಕೊಳ್ಳುತ್ತೆ. ಚಿಕ್ಕ ಕ್ಯೂಬ್‌ಗೆ 12 ಕೊನೆ. ಹೆಸರು ಒಂದೇ ಅಂತ ಚಿಕ್ಕದನ್ನು ತಂದುಕೊಂಡೀರಿ.

ಕೀಬೋರ್ಡ್ ಇರುವ ಕೈಮಷಿನ್‌ನಲ್ಲಿ ಕನ್ನಡ ಟೈಪ್ ಮಾಡಲು ಆಗುವುದಿಲ್ಲ. ಫೋನ್ ಅಥವಾ ಕಂಪ್ಯೂಟರಿಗೆ ಕೂಡುವ ಮಷಿನ್ ಬೇಕು. ಅಲ್ಲೂ ಒಂದು ಗುಂಡಿ ಇದೆ. ಸ್ಟಾಕ್ ಪಟ್ಟಿಯನ್ನು ಹಳೇ ನುಡಿ ಫಾಂಟಿನಲ್ಲಿ ಮಾಡಿಟ್ಟಿದ್ದರೆ ಲೇಬಲ್ ಸಾಫ್ಟ್‌ವೇರಿಗೆ ಹಾಕಿದ ಕೂಡಲೇ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಬರುತ್ತೆ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ, ನೋಟೊ ಸಾನ್ಸ್ ಕನ್ನಡದಂಥ ಸರಳ ಫಾಂಟ್ ಹಾಕಿ. ಆಪ್ ಒತ್ತಕ್ಷರ ಒಡೆದು ತೋರಿಸಿದರೆ ಬೇರೆಡೆ ಬರೆದು ಚಿತ್ರವಾಗಿ ಉಳಿಸಿ ಅದನ್ನೇ ಪ್ರಿಂಟ್ ಕೊಡಿ. ನಮ್ಮಲ್ಲಂತೂ ಕಾರಿಗರ್‌ಗಳಲ್ಲಿ ಕನ್ನಡ ಓದದವರೂ ಇದ್ದಾರೆ. ಆದ್ದರಿಂದ ದೊಡ್ಡದಾಗಿ ನಂಬರ್, ಕೆಳಗೆ ಚಿಕ್ಕದಾಗಿ ಹೆಸರು, ಪಕ್ಕದಲ್ಲಿ ಆ ಡಬ್ಬದ್ದೇ ಎರಡು ಮಣಿ ಗಮ್ಮಿನಿಂದ ಅಂಟಿಸಿರುತ್ತೇವೆ. ಆ ಮಣಿಯನ್ನು ಎಲ್ಲರೂ ಓದುತ್ತಾರೆ.

ನಂಬರ್ ಹಾಕುವಾಗಲೂ ಎಚ್ಚರ ಬೇಕು. ದುಂಡು ಡಬ್ಬ ತಲೆಕೆಳಗಾದರೆ 68 ಹೋಗಿ 89 ಆಗುತ್ತೆ, 16 ಹೋಗಿ 91. ನಂಬರಿನ ಮುಂದೆ ಒಂದಕ್ಷರ ಇರಲಿ, ಮ-68, ದ-16 ಅಂತ. ಎಳೆ ದಾರಕ್ಕೆ ಸ್ವಂತ ನಂಬರ್ ಕೊಡುವ ಸಾಹಸ ಬೇಡ, ಕಂಪನಿ ನಂಬರನ್ನೇ ಇಟ್ಟುಕೊಳ್ಳಿ. ಡಿಎಂಸಿಯ ಕಪ್ಪು 310, ಆ್ಯಂಕರ್‌ನ ಕಪ್ಪು 403. "ಕಪ್ಪು" ಅಂತ ಬರೆದರೆ ಮುಂದಿನ ಆರ್ಡರ್ ಕೊಡುವವನು ಎರಡರಲ್ಲಿ ಯಾವುದನ್ನು ತರಿಸಬೇಕು? ಮಣಿ, ರೇಷ್ಮೆ ದಾರ, ಜರಿ ಮೂರಕ್ಕೂ ಲಾಟ್ ಮತ್ತು ಬಂದ ತಾರೀಕು ಇರಲೇಬೇಕು. ಕುಚ್ಚು ಕಟ್ಟುವವರಿಗೆ ಇದು ಗೊತ್ತು, ಸೆರಗಿನ ಅರ್ಧದಲ್ಲಿ ದಾರ ಮುಗಿದು ಬೇರೆ ಲಾಟ್ ಸೇರಿಸಿದರೆ ಬಿಸಿಲಲ್ಲಿ ಗೆರೆ ಎದ್ದು ಕಾಣುತ್ತೆ.

ಅಂಟಿನ ವಿಷಯ ಯಾವ ಅಂಗಡಿಯವನೂ ಹೇಳುವುದಿಲ್ಲ. ನಾವು ಬಳಸುವ ಅರೆಪಾರದರ್ಶಕ ಡಬ್ಬಗಳು ಬಹುಪಾಲು ಪಾಲಿಪ್ರೊಪಿಲೀನ್. ತಳದಲ್ಲಿ ತ್ರಿಕೋನದೊಳಗೆ 5 ಇರುತ್ತೆ ನೋಡಿ. ಅದರ ಮೈಗೆ ಸಾಮಾನ್ಯ ಅಂಟು ಕಚ್ಚಿಕೊಳ್ಳುವುದಿಲ್ಲ, ವಾರದಲ್ಲಿ ಮೂಲೆ ಏಳುತ್ತೆ. ಅದಕ್ಕೆ ಬಲವಾದ ಅಂಟಿನ ಟೇಪ್ ತಗೊಳ್ಳಿ. ಟಿಜೆಡ್‌ಇ-231 ಅಂದರೆ 12 ಮಿ.ಮೀ. ಬಿಳಿ ಮೇಲೆ ಕಪ್ಪು, ನಡುವೆ ಎಸ್ ಸೇರಿ ಎಸ್231 ಆದರೆ ಅದೇ ಟೇಪ್, ಅಂಟು ಗಟ್ಟಿ. ಎಫ್‌ಎಕ್ಸ್231 ಬಾಗುವ ಬಗೆ, ಕೇಬಲ್‌ಗೆ ಸುತ್ತಲು ಮಾಡಿದ್ದು, ಸಣ್ಣ ಮಣಿ ಟ್ಯೂಬಿಗೆ ಅದೇ ಸರಿ. ಅಂಟಿಸುವ ಮೊದಲು ಡಬ್ಬವನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ ಆರಲು ಬಿಡಿ, ಹೆಬ್ಬೆರಳಿನಿಂದ ಗಟ್ಟಿ ಉಜ್ಜಿ, ಒಂದು ದಿನ ಅದರ ತಂಟೆಗೆ ಹೋಗಬೇಡಿ.

ಅಂಟಿಸುವುದು ಎಲ್ಲಿ? ಮುಚ್ಚಳಕ್ಕಲ್ಲ, ಡಬ್ಬದ ಮೈಗೆ. ಆ ದಿನ ಅಕ್ಷರ ಅಳಿಯದೇ ಇದ್ದಿದ್ದರೂ ನಾವು ಸಿಕ್ಕಿಬೀಳುತ್ತಿದ್ದೆವು. ಆಮೇಲೆ ನೋಡಿದರೆ ಮೇಲಿನ ರ‍್ಯಾಕಿನ ನಾಲ್ಕು ಡಬ್ಬದ ಮುಚ್ಚಳಗಳೇ ಅದಲುಬದಲಾಗಿದ್ದವು. ನಾಲ್ಕು ಜನ ಒಂದೇ ಅಳತೆಯ ಡಬ್ಬ ಒಟ್ಟಿಗೆ ತೆರೆದು ಕೂತರೆ ಇನ್ನೇನಾಗುತ್ತೆ?

ಐನೂರು ಸಾವಿರ ಲೆಕ್ಕದಲ್ಲಿ ಪ್ಯಾಕೆಟ್ ಇರುವವರಿಗೆ ಕ್ಯಾಸೆಟ್ ಮಷಿನ್ ಕಟ್ಟುವುದಿಲ್ಲ. ರಿಬ್ಬನ್ ಹಾಕುವ ಬಾರ್‌ಕೋಡ್ ಪ್ರಿಂಟರ್ ನೋಡಿ. 50×25 ಮಿ.ಮೀ. ಕ್ರೋಮೋ (ನುಣುಪು ಕಾಗದದ) ಲೇಬಲ್, ವ್ಯಾಕ್ಸ್ (ಮೇಣದ ಶಾಯಿಯ) ರಿಬ್ಬನ್, ಇವೆಲ್ಲ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿಗುತ್ತೆ. ಕೈ ತಾಗಿ ತಾಗಿ ಉಜ್ಜಿಹೋಗುವ ಕಡೆಗೆ ಪಾಲಿಯೆಸ್ಟರ್ ಲೇಬಲ್ ಮತ್ತು ರೆಸಿನ್ ರಿಬ್ಬನ್. ರಿಬ್ಬನ್ನು, ಲೇಬಲ್ಲು ಒಂದಕ್ಕೊಂದು ಹೊಂದದಿದ್ದರೆ ಉಗುರಿಗೇ ಅಕ್ಷರ ಕಿತ್ತು ಬರುತ್ತೆ. ಹಾಗೆಯೇ ಐವತ್ತು ಡಬ್ಬದ ಒಳಗಿದ್ದವರಿಗೆ ಮಷಿನ್ನೇ ಬೇಡ. ಪರ್ಮನೆಂಟ್ ಮಾರ್ಕರ್, ಸ್ಟಿಕರ್ ಶೀಟು, ಮೇಲೊಂದು ಪಾರದರ್ಶಕ ಟೇಪು, ಮುಗೀತು. ಬ್ಲೂಟೂತ್ ಥರ್ಮಲ್ಲೇ ಬೇಕು ಅನ್ನುವವರು ಒಂದನ್ನು ವಿಚಾರಿಸಿಕೊಳ್ಳಿ: ಕೆಲವು ಮಷಿನ್‌ಗಳಲ್ಲಿ ರೋಲಿನೊಳಗೇ ಚಿಪ್ ಇರುತ್ತೆ, ಬೇರೆಯವರ ರೋಲ್ ಹಾಕಿದರೆ ಓಡುವುದಿಲ್ಲ.

ಯಾವುದನ್ನೇ ತಗೊಳ್ಳುವ ಮುಂಚೆ ಅಂಗಡಿಯವನಿಂದ ನಾಲ್ಕು ಲೇಬಲ್ ಹೊಡೆಸಿಕೊಂಡು ಬನ್ನಿ. ಒಂದು ಪಾಲಿಪ್ರೊಪಿಲೀನ್ ಡಬ್ಬಕ್ಕೆ, ಒಂದು ಪಿವಿಸಿ ಪೌಚಿಗೆ, ಒಂದು ಇಸ್ತ್ರಿ ಪಕ್ಕದ ಗೋಡೆಗೆ, ಇನ್ನೊಂದು ಕಿಟಕಿ ಬಿಸಿಲಿಗೆ. ದಿನಾ ಸ್ಯಾನಿಟೈಸರ್ ಬೆರಳಲ್ಲಿ ಒಮ್ಮೆ ಉಜ್ಜಿ. ಹದಿನೈದು ದಿನ ಕಾಯಿರಿ. ಅಷ್ಟು ಕಾಯುವ ತಾಳ್ಮೆ ನಮ್ಮ ಆಫೀಸಿಗೆ ಇರಲಿಲ್ಲ, ನನಗೂ ಇರಲಿಲ್ಲ.

ಹಳೇ ರೋಲ್ ಇನ್ನೂ 14 ಉಳಿದಿವೆ. ಅವನ್ನು ಡೆಲಿವರಿ ಕವರ್‌ಗಳಿಗೆ ಖರ್ಚು ಮಾಡುತ್ತಿದ್ದೇವೆ. ಗಿರಾಕಿ ಹೆಸರು, ಬಿಲ್ ನಂಬರ್, ಮೂರು ದಿನದಲ್ಲಿ ಹೊರಗೆ ಹೋಗುವ ಮಾಲು, ಅಷ್ಟಕ್ಕೆ ಥರ್ಮಲ್ ಬೇಕಾದಷ್ಟಾಯಿತು. ಪೇಪರ್ ಬ್ಯಾಗಿಗೇ ಅಂಟಿಸಿ, ಪಿವಿಸಿ ಬ್ಲೌಸ್ ಕವರ್‌ಗೆ ಬೇಡ ಅಂತ ಗೋಡೆ ಮೇಲೆ ಬರೆದು ಹಾಕಿದೆ. ನಿನ್ನೆ ಸಂಜೆ ನೋಡಿದರೆ ಹೊಸ ಹುಡುಗ ಹನ್ನೆರಡು ಪಿವಿಸಿ ಕವರ್‌ಗೆ ಸಾಲಾಗಿ ಅಂಟಿಸಿಟ್ಟಿದ್ದ.