ಅಪ್ಪನ ಪಂಚೆ ಒಣಗಿದ ದಾರಿ

ಅಪ್ಪ ಉಡುಪಿಗೆ ಬಂದ ಮೂರನೇ ದಿನವೂ ಅವರ ಪಂಚೆ ಒಣಗಲಿಲ್ಲ.

ಜುಲೈ ಎರಡನೇ ವಾರ, ಪುನರ್ವಸು ಮಳೆ. ನಾನು ಇಲ್ಲಿ ಕೆಲಸಕ್ಕೆ ಸೇರಿ ನಾಲ್ಕು ವರ್ಷ ಆಗಿದ್ದರೂ ಅಪ್ಪ ಬಂದಿದ್ದು ಇದೇ ಮೊದಲು. ಚಳ್ಳಕೆರೆ ಹತ್ತಿರ ನಮ್ಮೂರು. ಶೇಂಗಾ ಬಿತ್ತಿ, ಗಿಡ ಎದ್ದ ಮೇಲೆ "ಇನ್ನು ಮಳೆ ಕಾಯೋದೊಂದೇ ಕೆಲಸ, ಅದನ್ನ ನಿನ್ನ ತಮ್ಮ ಕಾಯ್ತಾನೆ" ಎಂದು ಬಸ್ಸು ಹತ್ತಿದ್ದರು. ಮೊದಲ ದಿನವೇ ಪಂಚೆ ಒಗೆದು ಬಾಲ್ಕನಿಯ ಹಗ್ಗಕ್ಕೆ ಹಾಕಿದರು. ದಿನಕ್ಕೆ ನಾಲ್ಕು ಸಲ ಹೋಗಿ ಮುಟ್ಟಿ ನೋಡುತ್ತಿದ್ದರು. ಫ್ಯಾನಿನ ಕೆಳಗೆ ಕುರ್ಚಿಯ ಮೇಲೆ ಹರಡಿದರೂ ಅದು ತಣ್ಣಗೆ ಹಾಗೇ ಇತ್ತು.

"ಮಳೆಯಾಗೆ ನೆನೆಯೋದು ಗೊತ್ತು. ಇಲ್ಲಿ ಗಾಳಿಯೇ ನೆಂದೈತಲ್ಲವ್ವಾ" ಅಂದರು.

ಸಂಜೆ ಮಳೆ ಸ್ವಲ್ಪ ಬಿಟ್ಟಾಗ ಮಲ್ಪೆಗೆ ಹೋದೆವು. ಬಂದರಿನಲ್ಲಿ ಬೋಟುಗಳು ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮೊಟ್ಟೆ ಇಡುವ ಕಾಲ ಅದು. ಕಡಲೂ ಕೆರಳಿತ್ತು. ನೀಲಿ ಎಲ್ಲೂ ಇಲ್ಲ, ಕೆಸರು ಬಣ್ಣದ ತೆರೆಗಳು ಮಾತ್ರ. ಜೀವನದಲ್ಲಿ ಮೊದಲ ಸಲ ಕಡಲು ನೋಡುತ್ತಿದ್ದ ಅಪ್ಪ ತೆರೆಗಳನ್ನು ಜಾಸ್ತಿ ಹೊತ್ತು ನೋಡಲಿಲ್ಲ. ಗಾಳಿಗೆ ಮುಖ ಕೊಟ್ಟು, ಕಣ್ಣು ಮುಚ್ಚಿ ನಿಂತರು.

"ಇದು ಪಡುವಣ ಗಾಳಿ. ಆಷಾಢದಾಗೆ ನಮ್ಮ ಹೊಲದಾಗೆ ಬೀಸೋದೂ ಇದೇ ಗಾಳಿ ಕಣವ್ವಾ. ಇಲ್ಲಿ ಇಷ್ಟು ನೀರು ಹೊತ್ಕಂಡಿರೋದು ನಮ್ಮೂರಿಗೆ ಬರೋ ಹೊತ್ತಿಗೆ ಬರೀ ಧೂಳು ತರುತ್ತೆ. ಆ ನೀರನ್ನೆಲ್ಲ ಎಲ್ಲಿ ಇಳಿಸಿ ಬರುತ್ತೆ?"

ಅವರನ್ನು ಊರಿಗೆ ಬಿಡಲು ರಾತ್ರಿ ಬಸ್ಸಿಗೆ ಟಿಕೆಟ್ ಮಾಡಿದ್ದೆ. ಅದನ್ನು ರದ್ದು ಮಾಡಿದೆ. ಗಾಳಿ ಹೋಗುವ ದಾರಿಯಲ್ಲೇ, ಹಗಲು ಹೊತ್ತಿನಲ್ಲಿ, ಅಲ್ಲಲ್ಲಿ ನಿಂತು ಹೋಗೋಣ ಅಂದೆ. ಮಲ್ಪೆಯಿಂದ ಆಗುಂಬೆ, ಶಿವಮೊಗ್ಗ, ಚಿತ್ರದುರ್ಗದ ಮೇಲೆ ಚಳ್ಳಕೆರೆಗೆ 300 ಕಿ.ಮೀ. ಆಸುಪಾಸು. ಕರಾವಳಿ, ಮಲೆನಾಡು, ಬಯಲುಸೀಮೆ ಮೂರೂ ಆ ಒಂದೇ ದಾರಿಯಲ್ಲಿ ಸಿಗುತ್ತವೆ. ಒದ್ದೆ ಪಂಚೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡೆವು.

ಬೆಳಿಗ್ಗೆ ಉಡುಪಿಯಿಂದ ಹೆಬ್ರಿಯ ಕಡೆ ಹೊರಟ ಮಿನಿ ಬಸ್ಸಿನಲ್ಲಿ ಅಪ್ಪ ಕಿಟಕಿ ಪಕ್ಕ ಕೂತರು. ಕೆಂಪು ಮುರಕಲ್ಲಿನ ಗೋಡೆ, ಕಡಿದಾಗಿ ಇಳಿದ ಹಂಚಿನ ಮಾಡು, ತೆಂಗು, ನಾಟಿಯಾದ ಗದ್ದೆ. ನಮ್ಮೂರಿನ ಮಣ್ಣಿನ ಮಾಳಿಗೆ ಮನೆ ಇಲ್ಲಿದ್ದರೆ ಒಂದು ವಾರವೂ ನಿಲ್ಲುವುದಿಲ್ಲ. ಉಡುಪಿಯ ಸುತ್ತ ವರ್ಷಕ್ಕೆ 4000 ಮಿ.ಮೀ. ಆಸುಪಾಸು ಮಳೆ. ಅದರಲ್ಲಿ ಹೆಚ್ಚು ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದುಬಿಡುತ್ತದೆ. ಈ ಸೀಮೆ ಬಹಳ ಸಪೂರ. ಕಡಲು ಬಿಟ್ಟು ಒಂದೂವರೆ ಗಂಟೆ ಆಗುವುದರೊಳಗೆ ಎದುರಿಗೆ ಕಪ್ಪು ಗೋಡೆಯ ಹಾಗೆ ಘಟ್ಟ ನಿಂತಿತ್ತು. ಅದರ ತಲೆ ಮೋಡದೊಳಗೆ.

ಸೋಮೇಶ್ವರ ದಾಟಿದ ಮೇಲೆ ಆಗುಂಬೆ ಘಾಟಿ ಶುರು. 14 ತಿರುವುಗಳು. ದೊಡ್ಡ ಬಸ್ಸು ತಿರುಗಲು ಜಾಗ ಇಲ್ಲ, ಅದಕ್ಕೇ ಈ ದಾರಿಯಲ್ಲಿ ಮಿನಿ ಬಸ್ಸುಗಳು. ಒಂದೊಂದು ತಿರುವಿಗೂ ಚಳಿ ಹೆಚ್ಚಿತು. ಐದಾರು ತಿರುವು ಆದ ಮೇಲೆ ಮಳೆ ಮೇಲಿನಿಂದ ಬೀಳುತ್ತಿದೆ ಅನ್ನಿಸಲೇ ಇಲ್ಲ. ನಾವೇ ಮೋಡದೊಳಗೆ ಹೊಕ್ಕಿದ್ದೆವು. ಕಡಲಿನಿಂದ ಬಂದ ಗಾಳಿಗೆ ಇಲ್ಲಿ ಮುಂದೆ ದಾರಿ ಇಲ್ಲ, ಮೇಲೇರಲೇಬೇಕು. ಏರಿದಷ್ಟೂ ತಣ್ಣಗಾಗುತ್ತದೆ. ತಣ್ಣಗಾದ ಗಾಳಿ ಅಷ್ಟು ನೀರಾವಿಯನ್ನು ಹಿಡಿದಿಟ್ಟುಕೊಳ್ಳಲಾರದು, ಸುರಿಯುತ್ತದೆ. ಇದನ್ನು ಶಾಲೆಯಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಕಿಟಕಿಯ ಗಾಜು ಒಳಗಡೆಯಿಂದ ಬೆವರುವುದನ್ನು ನೋಡುತ್ತಾ ಅಪ್ಪನಿಗೆ ಹೇಳುವಾಗ ಮಾತ್ರ ನನಗೇ ಸರಿಯಾಗಿ ಅರ್ಥವಾಯಿತು.

"ಅಂದ್ರೆ ಬೆಟ್ಟ ಗಾಳೀನ ಹಿಂಡುತ್ತೆ" ಅಂದರು ಅಪ್ಪ. ಎರಡು ಕೈಯಲ್ಲೂ ಬಟ್ಟೆ ಹಿಂಡುವ ಹಾಗೆ ಮಾಡಿ ತೋರಿಸಿದರು.

ಆಗುಂಬೆ ಇರುವುದು ಸುಮಾರು 650 ಮೀಟರ್ ಎತ್ತರದಲ್ಲಿ, ಘಟ್ಟದ ಅಂಚಿನಲ್ಲಿ. ವರ್ಷಕ್ಕೆ 7000 ಮಿ.ಮೀ.ಗೂ ಜಾಸ್ತಿ ಮಳೆ. ಸೂರ್ಯಾಸ್ತ ನೋಡುವ ಜಾಗಕ್ಕೆ ಸುಮ್ನೆ ಹೋಗಿ ಬಂದೆವು, ಹತ್ತು ಅಡಿ ಆಚೆ ಏನೂ ಕಾಣಲಿಲ್ಲ. ಅವತ್ತು ರಾತ್ರಿ ಉಳಿದದ್ದು ಊರಿನಿಂದ ಸ್ವಲ್ಪ ದೂರದಲ್ಲಿ, ಒಬ್ಬ ಅಡಿಕೆ ಬೆಳೆಗಾರರ ಮನೆಯಲ್ಲಿ. ಕಾಲಿಗೆ ಹತ್ತಿದ್ದ ಉಂಬಳಗಳನ್ನು ಅಂಗಳದಲ್ಲೇ ಕಿತ್ತು ಒಳಗೆ ಹೋದೆವು. ಬಚ್ಚಲಿನಲ್ಲಿ ಹಂಡೆ ಒಲೆ ಧಗಧಗ ಉರಿಯುತ್ತಿತ್ತು. ಅದರ ಮೇಲಿನ ಗಳದಲ್ಲಿ ಮನೆಯವರ ಬಟ್ಟೆಗಳು ಹೊಗೆ ಕುಡಿಯುತ್ತಾ ತೂಗಾಡುತ್ತಿದ್ದವು. ಅಪ್ಪ ತಮ್ಮ ಪಂಚೆಯನ್ನೂ ಅಲ್ಲೇ ಹಾಕಿದರು.

ಈ ಪ್ರವಾಸದಲ್ಲಿ ನನಗೆ ಯಾವತ್ತೂ ಮರೆಯದ್ದು ಆ ರಾತ್ರಿ ಜಗುಲಿಯ ಮಾತು. ಹಂಚಿನ ಮೇಲೆ ಮಳೆಯ ಸದ್ದು ಎಷ್ಟಿತ್ತೆಂದರೆ ಇಬ್ಬರೂ ಕೂಗಿ ಮಾತಾಡುತ್ತಿದ್ದರು. ಮನೆಯ ಯಜಮಾನರಿಗೆ ಕೊಳೆರೋಗದ ಚಿಂತೆ. ಮಳೆ ಹೀಗೆ ಹಿಡಿದರೆ ಎಳೆ ಅಡಿಕೆ ಕೊಳೆತು ಉದುರುತ್ತದೆ. ಅದಕ್ಕೆ ಮೈಲುತುತ್ತ, ಸುಣ್ಣ ಸೇರಿಸಿ ಬೋರ್ಡೋ ದ್ರಾವಣ ಹೊಡೆಯಬೇಕು. ಹೊಡೆಯಬೇಕಾದರೆ ಗೊನೆ ಒಣಗಿರಬೇಕು, ಮರ ಜಾರಬಾರದು.

"ಎರಡು ದಿನ ಹೊಳವಾದ್ರೆ ಸಾಕು ಮಾರಾಯ್ರೆ. ಮೊದಲ ಔಷಧಿ ಮುಗಿಸ್ತೇವೆ. ಹದಿನೈದು ದಿನದಿಂದ ಕಾಯ್ತಾ ಇದ್ದೇನೆ."

ಮಳೆ ಬಿಡುವುದಕ್ಕೆ ಮಲೆನಾಡಿನವರು ಹೊಳವು ಅನ್ನುತ್ತಾರೆ. ಅಪ್ಪನಿಗೆ ಆ ಪದ ಗೊತ್ತಿರಲಿಲ್ಲ. ನಮ್ಮ ಕಡೆ ಅದಕ್ಕೊಂದು ಪದ ಬೇಕಾಗಿಯೇ ಇಲ್ಲ, ಅಲ್ವಾ? ಅಪ್ಪ ತಮ್ಮ ಹೊಲದ ಕಥೆ ಹೇಳಿದರು. ಹದಿನೈದು ದಿನದಿಂದ ಹನಿ ಇಲ್ಲ, ಹೂ ಬಿಡುವ ಹೊತ್ತಿಗೆ ಒಂದು ಹದ ಮಳೆ ಆಗದಿದ್ದರೆ ಕಾಯಿ ಕಚ್ಚುವುದಿಲ್ಲ. ಯಜಮಾನರು ಚಳ್ಳಕೆರೆಯಲ್ಲಿ ವರ್ಷಕ್ಕೆ ಎಷ್ಟು ಮಳೆ ಎಂದು ಕೇಳಿದರು. 500 ಮಿ.ಮೀ. ಒಳಗೆ ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಇಲ್ಲಿ ಒಳ್ಳೆಯ ಮಳೆ ಹಿಡಿದರೆ ಅದು ಎರಡು ವಾರದ ಲೆಕ್ಕವೂ ಅಲ್ಲ. ಇಬ್ಬರೂ ಒಂದೇ ಆಕಾಶ ನೋಡುತ್ತಾ ಕೂತಿದ್ದರು. ಒಬ್ಬರಿಗೆ ಬೇಕಾದದ್ದು ಇನ್ನೊಬ್ಬರಿಗೆ ಬೇಡ. ಎಲೆ ಅಡಿಕೆ ತಟ್ಟೆ ಮಾತ್ರ ಇಬ್ಬರ ನಡುವೆ ಆಚೀಚೆ ಓಡಾಡುತ್ತಿತ್ತು. ಹೊರಡುವಾಗ ಅಪ್ಪ ಅವರ ಫೋನ್ ನಂಬರ್ ಬರೆಸಿಕೊಂಡರು.

ಯಜಮಾನರು ಇನ್ನೊಂದು ವಿಷಯ ಹೇಳಿದ್ದರು. ಈ ಕಾಡಿನ ಪಡುವಣ ಮಗ್ಗುಲಿಗೆ ಬಿದ್ದ ನೀರು ಸೀತಾ ನದಿ ಸೇರಿ ಒಂದೆರಡು ದಿನದಲ್ಲಿ ವಾಪಸು ಅರಬ್ಬಿ ಕಡಲಿಗೆ ಹೋಗುತ್ತದೆ. ಮೂಡಣಕ್ಕೆ ಬಿದ್ದದ್ದು ಮಾಲತಿ ಹೊಳೆಯಾಗಿ ತುಂಗೆ ಸೇರುತ್ತದೆ. ಕೂಡ್ಲಿಯಲ್ಲಿ ಭದ್ರೆಯ ಜೊತೆಗೂಡಿ, ಮುಂದೆ ಕೃಷ್ಣೆಗೆ ಸೇರಿ ಬಂಗಾಳ ಕೊಲ್ಲಿಯವರೆಗೂ ಹೋಗುತ್ತದೆ. ಹಾಗಾಗಿ ತೀರ್ಥಹಳ್ಳಿಯಲ್ಲಿ ಬಸ್ಸಿಳಿದ ಕೂಡಲೇ ಅಪ್ಪ ಹೊಳೆ ನೋಡಬೇಕು ಅಂದರು. ತುಂಗೆ ಕೆಂಪಗೆ, ದಡ ತುಂಬಾ ಹರಿಯುತ್ತಿದ್ದಳು. ಹೊಳೆಯೊಳಗಿನ ರಾಮಮಂಟಪ ಮುಕ್ಕಾಲು ಮುಳುಗಿತ್ತು. "ಇದು ನಮ್ಮ ದಿಕ್ಕಿಗೆ ಹೋಗೋ ನೀರು" ಎಂದು ಅಪ್ಪ ಕೈ ಮುಗಿದರು.

ಶಿವಮೊಗ್ಗದ ಹತ್ತಿರ ಬರುವಾಗ ಮಳೆ ಸೋನೆಯಾಯಿತು. ಊರು ದಾಟಿದ ಮೇಲೆ ನಿಂತೇ ಹೋಯಿತು. ಕಾಡು ಹೋಗಿ ಕುರುಚಲು ಬಂತು, ಗದ್ದೆ ಹೋಗಿ ಮೆಕ್ಕೆಜೋಳ. ಬೆಟ್ಟ ದಾಟಿ ಇಳಿದ ಗಾಳಿ ಮತ್ತೆ ಬೆಚ್ಚಗಾಗುತ್ತದೆ, ಉಳಿದ ಮೋಡವೂ ತೆಳ್ಳಗಾಗುತ್ತದೆ. ಮಳೆ ನೆರಳು ಅನ್ನುವುದು ಇದಕ್ಕೇ. ಹೊಳಲ್ಕೆರೆ ದಾಟಿ ದುರ್ಗದ ಗುಡ್ಡಗಳು ಕಂಡಾಗ ಅವುಗಳ ಮೇಲೆ ಸಾಲಾಗಿ ಗಾಳಿಯಂತ್ರಗಳು ಜೋರಾಗಿ ತಿರುಗುತ್ತಿದ್ದವು. ಮಲ್ಪೆಯಲ್ಲಿ ಅಪ್ಪನ ಮುಖಕ್ಕೆ ಬಡಿದ ಗಾಳಿಯೇ ಅದು. ನೀರು ಕೊಟ್ಟು ಮುಗಿಸಿತ್ತು, ಓಟ ಮಾತ್ರ ಉಳಿದಿತ್ತು.

ಚಿತ್ರದುರ್ಗದಲ್ಲಿ ಕೋಟೆ ಹತ್ತಿದೆವು. ಅಪ್ಪ ಎಷ್ಟೋ ಸಲ ಬಂದ ಜಾಗ. ಈ ಸಲ ಬುರುಜು, ಬಾಗಿಲು ಬಿಟ್ಟು ನೇರ ಹೊಂಡಗಳ ಹತ್ತಿರ ಕರೆದುಕೊಂಡು ಹೋದರು. ಗೋಪಾಲಸ್ವಾಮಿ ಹೊಂಡ, ಅಕ್ಕ ತಂಗಿಯರ ಹೊಂಡ. ಬಂಡೆ ಮೇಲೆ ಬಿದ್ದ ಮಳೆಯನ್ನು ಕೂಡಿಟ್ಟು, ಮೇಲಿನದು ತುಂಬಿದರೆ ಕೆಳಗಿನದಕ್ಕೆ ಹರಿಯುವ ಹಾಗೆ ಕಟ್ಟಿದ್ದಾರೆ. ಆಗುಂಬೆಯವರು ನೀರನ್ನು ಹೊರಗೆ ಹಾಕಲು ತೋಟದಲ್ಲಿ ಕಾಲುವೆ ತೋಡುತ್ತಾರೆ, ದುರ್ಗದವರು ಒಳಗೆ ಹಿಡಿದಿಡಲು ಬಂಡೆ ಕಡಿದಿದ್ದಾರೆ. ನಮ್ಮ ಜಿಲ್ಲೆಗೆ ಜಾಸ್ತಿ ಮಳೆ ಬರುವುದೂ ಈ ಗಾಳಿ ತಗ್ಗಿದ ಮೇಲೆ, ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಅಲ್ಲಿಯವರೆಗೆ ಕಾಯಬೇಕು.

ಕಾಯುವುದು ಅಂದರೆ ಅಪ್ಪ ವಾಣಿ ವಿಲಾಸ ಸಾಗರದ ಮಾತು ತೆಗೆಯುತ್ತಾರೆ. ಹಿರಿಯೂರಿನ ಹತ್ತಿರ ವೇದಾವತಿಗೆ ಕಟ್ಟಿದ, ನೂರು ವರ್ಷ ದಾಟಿದ ಮಾರಿಕಣಿವೆ ಅಣೆಕಟ್ಟು. 1933ರಲ್ಲಿ ಕೋಡಿ ಬಿದ್ದದ್ದನ್ನು ತಾತ ನೋಡಿದ್ದರಂತೆ. ಆಮೇಲೆ ಅದು ತುಂಬಿ ಹರಿದದ್ದು 2022ರಲ್ಲಿ, 89 ವರ್ಷದ ನಂತರ. ನಮ್ಮೂರಿನವರು ಟ್ರ್ಯಾಕ್ಟರ್ ಮಾಡಿಕೊಂಡು ನೋಡಲು ಹೋಗಿದ್ದರು. ಅಪ್ಪ ಆ ನೀರನ್ನು ಬಾಟಲಿಯಲ್ಲಿ ತಂದು ದೇವರ ಗೂಡಿನಲ್ಲಿ ಇಟ್ಟಿದ್ದರು. ಈಗ ಭದ್ರೆಯ ನೀರೂ ಸುರಂಗದಲ್ಲಿ ಹರಿದು ಆ ಅಣೆಕಟ್ಟಿಗೆ ಬರುತ್ತದೆ. ಬೆಟ್ಟ ಹಿಂಡಿ ಇಟ್ಟುಕೊಂಡ ನೀರಿನಲ್ಲಿ ಒಂದು ಪಾಲು.

ಮನೆ ತಲುಪಿದಾಗ ಸಂಜೆ ಐದು. ಆಷಾಢದ ಗಾಳಿಗೆ ಬಾಗಿಲು ಬಡಿದುಕೊಳ್ಳುತ್ತಿತ್ತು. ಹುಡುಗರು ಬಯಲಿನಲ್ಲಿ ಪಟ ಹಾರಿಸುತ್ತಿದ್ದರು. ಅಪ್ಪ ಚೀಲದಿಂದ ಪಂಚೆ ತೆಗೆದರು. ಆಗುಂಬೆಯ ಹೊಗೆ ವಾಸನೆ, ಇನ್ನೂ ತೇವ. ತಂತಿಗೆ ಹಾಕಿ ಎರಡು ಗಂಟು ಬಿಗಿದರು. ಅಮ್ಮ ಕೊಟ್ಟ ಟೀ ಕುಡಿದು ಮುಗಿಯುವ ಹೊತ್ತಿಗೆ ಪಂಚೆ ಗರಿಗರಿಯಾಗಿ ಪಟಪಟ ಹೊಡೆದುಕೊಳ್ಳುತ್ತಿತ್ತು.

ಕತ್ತಲಾಗುವ ಮುಂಚೆ ಹೊಲಕ್ಕೆ ಹೋದೆವು. ಅಪ್ಪ ಶೇಂಗಾ ಸಾಲಿನ ನಡುವೆ ಕೂತು ಬೆರಳಿನಿಂದ ಮಣ್ಣು ಕೆದಕಿದರು. ನಾಲ್ಕು ಬೆರಳು ಕೆಳಗೆ ಸ್ವಲ್ಪ ಹಸಿ ಸಿಕ್ಕಿತು. "ಇನ್ನೊಂದು ವಾರ ತಡೀತೈತೆ" ಅಂದರು. ಮೇಲೆ ಮೋಡಗಳು ಪಡುವಣದಿಂದ ಮೂಡಣಕ್ಕೆ ಓಡುತ್ತಿದ್ದವು, ಒಂದೂ ನಿಲ್ಲಲಿಲ್ಲ.

ಊಟ ಆದ ಮೇಲೆ ಅಪ್ಪ ಆಗುಂಬೆಗೆ ಫೋನ್ ಮಾಡಿದರು. "ಹೊಳವಾಯ್ತೇನ್ರೀ?"

"ಎಲ್ಲಿ ಮಾರಾಯ್ರೆ, ಮಧ್ಯಾಹ್ನ ಒಂದು ಗಂಟೆ ಬಿಟ್ಟಿತ್ತು ಅಷ್ಟೇ. ಕೇಳಿ ಬೇಕಾದ್ರೆ" ಎಂದು ಅವರು ಫೋನನ್ನು ಅಂಗಳದ ಕಡೆ ಹಿಡಿದರು.

ಅಪ್ಪ ಸ್ಪೀಕರ್ ಹಾಕಿ ಫೋನನ್ನು ನಡುಮನೆಯಲ್ಲಿ ಇಟ್ಟರು. ಅಮ್ಮ ಪಾತ್ರೆ ತೊಳೆಯುವುದು ಬಿಟ್ಟು ಬಂದಳು. ತಮ್ಮ ಟಿವಿ ಸದ್ದು ಕಡಿಮೆ ಮಾಡಿದ. ಹೊರಗೆ ಒಣ ಗಾಳಿ ಬೀಸುತ್ತಿತ್ತು. ನಾವು ನಾಲ್ಕೂ ಜನ ಫೋನಿನ ಸುತ್ತ ಕೂತು ಆಗುಂಬೆಯ ಮಳೆ ಕೇಳಿದೆವು.