ಬೆಳಿಗ್ಗೆ ಫ್ರಾನ್ಸ್, ಮಧ್ಯಾಹ್ನ ಸ್ವಿಟ್ಜರ್ಲೆಂಡ್: ಶಾತೆಲ್‌ನಲ್ಲಿ ನಾಲ್ಕು ದಿನ

ಫೆಬ್ರವರಿ ಕೊನೆಯಲ್ಲಿ ನಾನು, ನನ್ನ ಹೆಂಡತಿ ಜಿನೀವಾದಿಂದ ಶಾತೆಲ್‌ಗೆ ಹೊರಟೆವು. ಸ್ವಿಟ್ಜರ್ಲೆಂಡ್ ಗಡಿಗೆ ತಾಗಿದ, ಫ್ರಾನ್ಸಿನ ಆಲ್ಪ್ಸ್ ಬೆಟ್ಟಗಳ ಹಳ್ಳಿ ಅದು. ಜಿನೀವಾ ಸರೋವರದ ದಡದಲ್ಲೇ ತೋನೋ ಊರಿನವರೆಗೆ ಹೋಗಿ, ಆಮೇಲೆ ಅಬೊಂದಾನ್ಸ್ ಕಣಿವೆ ಹತ್ತಬೇಕು. ಗೆಳೆಯರೆಲ್ಲ ಹತ್ತಿರದ ಅವೋರಿಯಾಜ್‌ನಲ್ಲೇ ಇರಿ ಅಂದಿದ್ದರು. ಅದು 1966ರಲ್ಲಿ ಸ್ಕೀಗೆಂದೇ, ಅಂದರೆ ಹಿಮದ ಮೇಲೆ ಜಾರುವ ಆಟಕ್ಕೆಂದೇ, ಕಟ್ಟಿದ ಊರು. 1800 ಮೀಟರ್ ಎತ್ತರ, ಬೀದಿಯಲ್ಲಿ ಕಾರಿಲ್ಲ, ಬಾಗಿಲು ತೆಗೆದರೆ ಹಿಮ. ಆದರೆ ನಮಗೆ ಚಳಿಗಾಲ ಮುಗಿದ ಮೇಲೂ ಜನ ಬಾಳುವ ಊರು ಬೇಕಿತ್ತು.

ಈ ಪ್ರದೇಶದ ಹೆಸರು ಪೋರ್ತ್ ದ್ಯು ಸೊಲೇ, ಅಂದರೆ ಸೂರ್ಯನ ಬಾಗಿಲುಗಳು. ಗಡಿಯ ಎರಡೂ ಕಡೆ ಸೇರಿ 12 ಊರು, ಸುಮಾರು 600 ಕಿಲೋಮೀಟರ್ ಸ್ಕೀ ದಾರಿ, ಎಲ್ಲಕ್ಕೂ ಒಂದೇ ಪಾಸ್. ಹೀಗೆ ಊರೂರು ಜೋಡಿಸಬೇಕು ಅಂತ ಓಡಾಡಿದವರಲ್ಲಿ ಫ್ರಾನ್ಸ್ ಕಡೆಯ ಮೊರ್ಜಿನ್ ಊರಿನ ಝಾಂ ವುವಾರ್ನೆ ಮುಖ್ಯರು. 1960ರ ಒಲಿಂಪಿಕ್ಸ್‌ನ ಡೌನ್‌ಹಿಲ್ ಸ್ಕೀ ಓಟದಲ್ಲಿ ಚಿನ್ನ ಗೆದ್ದವರು.

ನಾವಿದ್ದದ್ದು ಹಳೇ ಮರದ ಮನೆ. ಬಾಲ್ಕನಿಯ ಹಲಗೆಗಳಲ್ಲಿ ಕೊರೆದ ಚಿತ್ತಾರ. ಈಗ ನಮ್ಮ ಸ್ಕೀ, ಬೂಟು ಒಣಗುವ ಕೆಳಗಿನ ಕೋಣೆ ಹಿಂದೆ ಕೊಟ್ಟಿಗೆಯಾಗಿತ್ತಂತೆ. ದನಗಳ ಮೈಬಿಸಿ ಮೇಲಕ್ಕೆ ಬರುತ್ತಿತ್ತು, ಅಟ್ಟದ ಹುಲ್ಲು ಚಳಿ ತಡೆಯುತ್ತಿತ್ತು ಅಂತ ಮನೆಯ ಅಜ್ಜಿ ಹೇಳಿದರು. ಮಲೆನಾಡಿನಲ್ಲಿ ಬೆಳೆದ ನನಗೆ ಆ ಮನೆ ಹೊಸದು ಅನ್ನಿಸಲೇ ಇಲ್ಲ.

ಎರಡನೇ ದಿನ ಎರಡೂ ದೇಶ ಬಳಸಿ ಬರುವ ಇಡೀ ಸುತ್ತು ಹಾಕಿದೆವು. ಊರಿನ ಮೇಲಿನ ಸೂಪರ್ ಶಾತೆಲ್‌ಗೆ ಹತ್ತಿ, ಅಲ್ಲಿಂದ ಸ್ವಿಟ್ಜರ್ಲೆಂಡಿನ ಮೊರ್ಜಿನ್ಸ್‌ಗೆ ಜಾರಿದೆವು (ಮೊರ್ಜಿನ್ ಬೇರೆ, ಇದು ಬೇರೆ). ಗಡಿ ದಾಟಿದ್ದೇ ಗೊತ್ತಾಗಲಿಲ್ಲ! ಆದರೂ ಪಾಸ್‌ಪೋರ್ಟ್ ಜೇಬಿನಲ್ಲಿರಲಿ. ಮೊರ್ಜಿನ್ಸ್‌ನಲ್ಲಿ ಮುಂದಿನ ಲಿಫ್ಟ್, ಅಂದರೆ ಬೆಟ್ಟದ ಮೇಲಕ್ಕೆ ಒಯ್ಯುವ ತಂತಿ-ಕುರ್ಚಿ, ಊರಿನ ಆಚೆ ತುದಿಯಲ್ಲಿದೆ, ಹಾಗಾಗಿ ಸ್ಕೀ ಹೆಗಲಿಗೇರಿಸಿ ಆ ಗಟ್ಟಿ ಬೂಟಿನಲ್ಲೇ ಬೀದಿಯುದ್ದಕ್ಕೂ ನಡೆಯಬೇಕು. ನನಗೆ ಅದೇ ಇಷ್ಟವಾಯಿತು. ಬ್ರೆಡ್ಡಿನ ವಾಸನೆ, ಸೂರಿನ ಕೆಳಗೆ ಒಪ್ಪವಾಗಿ ಜೋಡಿಸಿದ ಸೌದೆ, ಹಿಮ ಗೋರುತ್ತಲೇ 'ಬೋನ್‌ಜೂರ್' ಅನ್ನುವ ಜನ. ಲಿಫ್ಟ್ ಮೇಲೆ ಕೂತು ಹೋದರೆ ಇದೆಲ್ಲ ಎಲ್ಲಿ ಸಿಗುತ್ತೆ?

ಸ್ವಿಸ್ ಕಡೆಯದೇ ಇನ್ನೊಂದು ಊರು ಲೆ ಕ್ರೊಜೆ ಹತ್ತಿರ ದಾಂ ದ್ಯು ಮಿದಿ ಶಿಖರಗಳು ಎದುರಿಗೇ ನಿಂತಿದ್ದವು. 3257 ಮೀಟರ್. ಊಟ ಮರೆತು ಅರ್ಧ ಗಂಟೆ ನೋಡಿದೆವು. ಆಮೇಲೆ ಶವಾನೆತ್ ಲಿಫ್ಟ್. ಕೆಳಗೆ 'ಸ್ವಿಸ್ ಗೋಡೆ' ಎಂಬ ಹೆಸರಾಂತ ಕಡಿದಾದ ಇಳಿಜಾರು, ಗುಡ್ಡೆಗುಡ್ಡೆ ಹಿಮದ ನಡುವೆ ಜನ ಒಂದೊಂದೇ ತಿರುವು ಹಾಕಿ ಇಳಿಯುತ್ತಿದ್ದರು. ನಾವು ಆ ಕಡೆ ಹೋಗಲಿಲ್ಲ. ಅವೋರಿಯಾಜ್ ದಾಟಿ ಶಾತೆಲ್ ಕಡೆಯ ಲಿಫ್ಟ್ ತಲುಪಿದಾಗ ಅದು ನಿಲ್ಲಲು ಹತ್ತೇ ನಿಮಿಷ ಉಳಿದಿತ್ತು. ತಪ್ಪಿದ್ದರೆ ರಸ್ತೆಯಲ್ಲಿ ಬೆಟ್ಟ ಸುತ್ತಿ ಬರಬೇಕಿತ್ತು. ಈ ಸುತ್ತಿಗೆ ಬೆಳಿಗ್ಗೆ ಒಂಬತ್ತಕ್ಕೇ ಹೊರಡಿ, ದಯವಿಟ್ಟು.

ಬೇಸರದ ಮಾತೂ ಇದೆ. ಈ ಹಳ್ಳಿಗಳು ತಗ್ಗಿನಲ್ಲಿವೆ. ಶಾತೆಲ್ 1200 ಮೀಟರ್, ಮೊರ್ಜಿನ್ 1000. ಕೊನೆಯ ಇಳಿಜಾರಿನಲ್ಲಿ ಹಿಮ ಕರಗಿ ಹುಲ್ಲು ಕಾಣುತ್ತಿತ್ತು. ಪಕ್ಕದ ಅಬೊಂದಾನ್ಸ್‌ನವರು 2007ರಲ್ಲಿ ಲಿಫ್ಟ್‌ಗಳನ್ನೇ ಮುಚ್ಚಿದ್ದರು, ಕೆಲ ವರ್ಷದ ಮೇಲೆ ಮತ್ತೆ ತೆರೆದರು.

ರಾತ್ರಿ ಬೆರ್ತೂ ತಿಂದೆವು. ಬೆಳ್ಳುಳ್ಳಿ ಉಜ್ಜಿದ ಪುಟ್ಟ ಬಟ್ಟಲಿಗೆ ಅಬೊಂದಾನ್ಸ್ ಚೀಸ್, ಬಿಳಿ ವೈನ್ ಹಾಕಿ ಒಲೆಯಲ್ಲಿ ಬೇಯಿಸುತ್ತಾರೆ. ಕೆನೆ ಕಟ್ಟಿದ ಹಾಗೆ ಮೇಲೆ ಕಂದು ಪದರ, ಜೊತೆಗೆ ಬೆಂದ ಆಲೂಗಡ್ಡೆ. ಕನಿಷ್ಠ 100 ದಿನ ಮಾಗಿಸಿದ ಚೀಸ್ ಅದು.

ಹೊರಡುವ ಬೆಳಿಗ್ಗೆ ಅಜ್ಜಿ ಪಕ್ಕದ ಮನೆಯ ಕೊಟ್ಟಿಗೆಗೆ ಕರೆದುಕೊಂಡು ಹೋದರು. ಕೆಂಗಂದು ಮೈ, ಬಿಳಿ ಮುಖ, ಕಾಡಿಗೆ ತೀಡಿದ ಹಾಗೆ ಕಣ್ಣ ಸುತ್ತ ಗಾಢ ಬಣ್ಣ. ಅಬೊಂದಾನ್ಸ್ ಹಸುಗಳು. ಒಂದು ನನ್ನ ಕೈಗವಸನ್ನೇ ನೆಕ್ಕುತ್ತಾ ನಿಂತಿತು. ಜೂನ್‌ನಲ್ಲಿ ಬನ್ನಿ, ನೀವು ಜಾರಿದ ಜಾಗದಲ್ಲೇ ಇವು ಮೇಯುತ್ತಿರುತ್ತವೆ ಅಂದರು ಅಜ್ಜಿ.